ನೀಲ್ ದ್ವೀಪದ ಹೊಂಡಗಳಲ್ಲಿ

ಅಂಡಮಾನಿನ ನೀಲ್ ದ್ವೀಪಕ್ಕೆ ಹೋದವರು ಮೊದಲು ವಿಚಾರಿಸಬೇಕಾದದ್ದು ಇಳಿತದ ಹೊತ್ತನ್ನು. (2018ರಿಂದ ಇದರ ಹೆಸರು ಶಹೀದ್ ದ್ವೀಪ.) ಅಲೆಗಳೇ ಕೊರೆದ ಕಲ್ಲಿನ ಕಮಾನೊಂದು ಇಲ್ಲಿದೆ. ಹೆಚ್ಚಿನವರು ಅದರ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನಗೆ ಹಿಡಿಸಿದ್ದು ಸುತ್ತಲಿನ ಹೊಂಡಗಳು. ಕಡಲು ಹಿಂದೆ ಸರಿದಾಗ ಬಂಡೆಯ ತಗ್ಗುಗಳಲ್ಲಿ ನೀರು ಉಳಿಯುತ್ತದೆ. ಈಜು ಬಾರದ, ಎಪ್ಪತ್ತು ದಾಟಿದ ನನ್ನಂಥವನೂ ಬಗ್ಗಿ ನೋಡಿದರೆ ಸಾಕು, ಹವಳ ಕಾಣುತ್ತದೆ.

"ತಾತಾ, ಇದು ಕಲ್ಲಾ, ಗಿಡವಾ?" ಎಂದಳು ಮೊಮ್ಮಗಳು.

ಎರಡೂ ಅಲ್ಲ, ಪ್ರಾಣಿ! ಒಂದೊಂದು ಪುಟ್ಟ ಜೀವಕ್ಕೂ ಒಂದು ಬಾಯಿ, ಸುತ್ತ ಎಳೆಎಳೆಯಾದ ತೋಳುಗಳು. ಸಾವಿರಾರು ಜೀವಗಳು ಸೇರಿ ತಮ್ಮ ಕೆಳಗೆ ಸುಣ್ಣದ ಮನೆ ಕಟ್ಟುತ್ತವೆ. ಅವಳ ಅಜ್ಜಿಯ ಕರಿಮಣಿ ಸರದಲ್ಲಿರುವ ಕೆಂಪು ಹವಳದ ಜಾತಿ ಬೇರೆ. ಆದರೆ ಅದೂ ಪ್ರಾಣಿಗಳು ಕಟ್ಟಿದ್ದೇ, ಅಸಲಿಯಾಗಿದ್ದರೆ!

ಕಡಲ ಹೂ ಎನ್ನಬಹುದಾದ ಸೀ ಅನಿಮೋನ್ ಮತ್ತು ಜೆಲ್ಲಿ ಮೀನು ಹವಳದ ದಾಯಾದಿಗಳು. ಮಿದುಳಿಲ್ಲ, ಹೃದಯವಿಲ್ಲ. ತಿನ್ನುವುದೂ ಹೊರಹಾಕುವುದೂ ಒಂದೇ ಬಾಯಿಯಿಂದ. ಚರ್ಮದಲ್ಲಿ ಸುರುಳಿ ಸುತ್ತಿದ ವಿಷದ ದಾರಗಳಿರುತ್ತವೆ. ಮುಟ್ಟಿದೊಡನೆ ಚಿಮ್ಮಿ ಚುಚ್ಚುತ್ತವೆ. ಮಕ್ಕಳೇ, ದಡದಲ್ಲಿ ಸತ್ತು ಬಿದ್ದ ಜೆಲ್ಲಿ ಮೀನನ್ನೂ ಮುಟ್ಟಬೇಡಿ, ಅದೂ ಕುಟುಕಬಲ್ಲದು. ಸಿನಿಮಾದ ನೀಮೊನಂಥ ಕೋಡಂಗಿ ಮೀನು ಮಾತ್ರ ಅನಿಮೋನಿನ ತೋಳುಗಳ ನಡುವೆಯೇ ಸಂಸಾರ ಹೂಡುತ್ತದೆ. ಅದರ ಮೈಮೇಲಿನ ಲೋಳೆಯೇ ಅದಕ್ಕೆ ಕಾವಲು.

ಬ್ಯಾಂಕಿನ ಲೆಡ್ಜರುಗಳಲ್ಲೇ ಆಯುಷ್ಯ ಕಳೆದ ನನಗೆ ತುಂಬಾ ಇಷ್ಟವಾದದ್ದು ಹವಳದ ಲೆಕ್ಕಾಚಾರ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗಿದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಹವಳದ ಕಸವೇ ಪಾಚಿಗೆ ಗೊಬ್ಬರ. ಬಣ್ಣದಲ್ಲೂ ಪಾಚಿಯದೇ ದೊಡ್ಡ ಪಾಲು. ಆದರೆ ನೀರಿನ ಬಿಸಿ ಬೇಸಿಗೆಯ ರೂಢಿಗಿಂತ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ಹಾಗೇ ನಿಂತರೆ ಒಪ್ಪಂದ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ. ಆಗಲೂ ಅದಕ್ಕೆ ಜೀವವಿರುತ್ತದೆ, ಹಸಿವೆಯಲ್ಲಿರುತ್ತದೆ ಅಷ್ಟೆ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಸಾಯುತ್ತದೆ. 1998ರಲ್ಲೂ 2010ರಲ್ಲೂ ಅಂಡಮಾನಿನ ಹವಳಗಳಿಗೆ ಈ ಗತಿ ಬಂದಿತ್ತು.

ಒಂದು ಹೊಂಡದಲ್ಲಿ ಅರ್ಧ ಬಿಳುಚಿದ ಹವಳವಿತ್ತು. ಪಕ್ಕದಲ್ಲಿದ್ದ ಹೆಂಗಸು, "ಮಲ್ಲಿಗೆ ಹಾಗಿದೆ ನೋಡಿ" ಎಂದರು. ಮೊಮ್ಮಗಳು ನನ್ನ ಮುಖ ನೋಡಿ, "ಅದಕ್ಕೆ ಹಸಿವಾಗಿದೆಯಾ ತಾತ?" ಎಂದು ಕೇಳಿದಳು. ಆ ಹೆಂಗಸು ಬಗ್ಗಿ ಇನ್ನೊಮ್ಮೆ ನೋಡಿದರು.

ಅಷ್ಟರಲ್ಲಿ ಯಾರೋ ಒಣ ಹವಳದ ಚೂರೊಂದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಗೈಡ್ ಅದನ್ನು ವಾಪಸು ಇಡಿಸಿದ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ ಹವಳವನ್ನೂ ಒಯ್ಯುವಂತಿಲ್ಲ. ನೀರು ಏರತೊಡಗಿತ್ತು. ಮರಳು ಇರುವ ಕಡೆಯೇ ಕಾಲಿಡಿ ಎಂದು ಕೂಗುತ್ತಾ ಅವನು ಎಲ್ಲರನ್ನೂ ದಡಕ್ಕೆ ಕರೆದ.