ಕುಬುಸದ ಖಣ, ಹೆಗಲ ಚೀಲ

ಬಾದಾಮಿ ನೋಡಿ ಹಾಗೇ ವಾಪಸ್ ಬರಬೇಡಿ, ಹತ್ತಿರದ ಗುಳೇದಗುಡ್ಡಕ್ಕೂ ಹೋಗಿ. ಮಗ್ಗದ ಸದ್ದು ಕೇಳಿಸಿದ ಮನೆ ಮುಂದೆ ನಿಂತೆ. "ಖಣದ ಕುಬುಸ ತೊಡೋರು ಕಡಿಮಿ ಆಗ್ಯಾರ್ರೀ" ಅಂದರು ನೇಕಾರರು. ಇಳಕಲ್ ಸೀರೆಯ ಜೋಡಿ ಅದು. ಸೀರೆ ಉಡೋರೇ ಕಡಿಮೆಯಾದರೆ ಖಣಕ್ಕೆ ಬೇರೆ ದಾರಿ ಬೇಕಲ್ಲ?

ಎರಡು ಖಣ ತಂದು ಟೋಟ್ ಬ್ಯಾಗ್ ಹೊಲಿದೆ. ಚೀಲಕ್ಕೆ ದಪ್ಪ ಕಾಟನ್, ಮೇಲೆ ಖಣದ ಹೂ. ಕತ್ತರಿಸಿದ ಕಡೆ ಖಣ ಎಳೆ ಬಿಡುತ್ತೆ. ಅದಕ್ಕೇ 2 ಇಂಚಿನ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಬಿಚ್ಚಿದ ಬದಿಗೆ ರನ್ನಿಂಗ್ ಸ್ಟಿಚ್ ಹಾಕಿ, ದಾರ ಎಳೆದು ನೆರಿಗೆ ಮಾಡಿ ಸುತ್ತಬೇಕು. ಎಳೆಗಳೆಲ್ಲ ಹೂವಿನ ಅಡಿಗೆ ಅಡಗುತ್ತವೆ.

ತೇರಿನ ಚಿತ್ತಾರವಿದ್ದ ತುಂಡನ್ನು ಮಾತ್ರ ಕತ್ತರಿಸೋಕೆ ಮನಸ್ಸು ಬರಲಿಲ್ಲ, ಜೇಬು ಮಾಡಿದೆ. ಆಫೀಸಿನಲ್ಲಿ ಆಗಲೇ ಮೂವರು ಕೇಳಿದ್ದಾರೆ. ಮುಂದಿನ ಸಲ ಆರು ಖಣ ತರಬೇಕು.