ಮಾಜಾಳಿಯ ಮರಳಲ್ಲಿ ಪುಟಾಣಿ ಬಗ್ಗಿ

ಕರ್ನಾಟಕದ ಕರಾವಳಿ ಎಲ್ಲಿಂದ ಶುರುವಾಗುತ್ತದೆ? ಮಂಗಳೂರಿನವರು ತಲಪಾಡಿಯಿಂದ ಎನ್ನುತ್ತಾರೆ, ಕಾರವಾರದವರು ಮಾಜಾಳಿಯಿಂದ. ಎರಡೂ ಸರಿಯೇ. ಕಾರವಾರದಿಂದ ಗೋವಾ ಕಡೆ ಹೊರಟ ಬಸ್ಸು ಕಾಳಿ ನದಿಯನ್ನು ದಾಟಿ, ಸದಾಶಿವಗಡದ ಗುಡ್ಡದ ಬುಡದಲ್ಲಿ ಹಾದು, ಸುಮಾರು ಹತ್ತು ಕಿ.ಮೀ. ಓಡುವಷ್ಟರಲ್ಲಿ ರಾಜ್ಯವೇ ಮುಗಿದುಹೋಗುತ್ತದೆ. ಆಚೆಗೆ ಗೋವಾದ ಪೋಳೆಂ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಹೊತ್ತಿನಲ್ಲಿ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು ಓದುಗರಿಗೆ ನೆನಪಿರಬಹುದು. ಆ ಮೇಲೆ ಸಂಚಾರವೆಲ್ಲ ಪಕ್ಕದ ಹೊಸ ಸೇತುವೆಯ ಪಾಲಿಗೆ ಬಂತು. ಈಗಲೂ ಬಸ್ಸು ನದಿಯ ಮೇಲೆ ಹೋಗುವಾಗ ಕಿಟಕಿಯ ಪಕ್ಕದವರು ಒಮ್ಮೆ ಬಗ್ಗಿ ಕೆಳಗೆ ನೋಡದೆ ಇರುವುದಿಲ್ಲ.

ಮಾಜಾಳಿಗೆ ಬರುವವರು ಸಾಮಾನ್ಯವಾಗಿ ಸೂರ್ಯಾಸ್ತ ನೋಡಲು ಬರುತ್ತಾರೆ, ಇಲ್ಲವೇ ಮೀನೂಟಕ್ಕೆ. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅಂಕೋಲೆಯಿಂದ ಬಂದಿಳಿದ ತಂದೆ-ಮಗ ಇಬ್ಬರೂ ಎರಡಕ್ಕೂ ಬಂದವರಲ್ಲ. ಅಪ್ಪನ ಕೈಯಲ್ಲಿ ಪಾನಾ, ಸ್ಕ್ರೂಡ್ರೈವರ್‌ಗಳ ಚೀಲ. ಒಂಬತ್ತನೆಯ ತರಗತಿಯ ಮಗನ ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ರೇಡಿಯೋ ನಿಯಂತ್ರಣದ ಬಗ್ಗಿ, ಅಂದರೆ ರಸ್ತೆಯಿಲ್ಲದ ನೆಲದ ಮೇಲೂ ಓಡಬಲ್ಲ ಪುಟ್ಟ ಗಾಡಿ. ನಿಜವಾದ ಗಾಡಿಯ ಹತ್ತನೇ ಒಂದು ಅಳತೆ.

ಕೊಲ್ಲಿಯಲ್ಲಿ ಕೆಲಸ ಮಾಡುವ ಸೋದರಮಾವ ದಸರಾ ರಜೆಗೆ ಬಂದಾಗ ತಂದುಕೊಟ್ಟದ್ದು ಅದು. ಕೊಟ್ಟಾಗ ಗಾಡಿಯಾಗಿರಲಿಲ್ಲ; ನೂರಾರು ತುಂಡುಗಳು, ಚಿಕ್ಕ ಚಿಕ್ಕ ಚೀಲಗಳಲ್ಲಿ ತಿರುಪುಗಳು, ಚಿತ್ರಗಳೇ ತುಂಬಿದ ಒಂದು ಪುಸ್ತಕ. “ರೆಡಿ ಇರೂದೇ ತರಬಹುದಿತ್ತಲ್ಲ ಮಾಮಾ?” ಎಂದು ಹುಡುಗ ಕೇಳಿದನಂತೆ. “ರೆಡಿ ಇರೂದು ತಂದ್ರೆ ಎಂಟು ದಿನಕ್ಕೆ ಮೂಲೆಗೆ ಬೀಳ್ತದೆ” ಎಂದ ಮಾವ. ಅಮ್ಮನ ಲೆಕ್ಕ ಬೇರೆ. “ಬರೋ ವರ್ಷ ಎಸ್ಸೆಸ್ಸೆಲ್ಸಿ. ಮಾಜಾಳಿಗೆ ಒಂದೇ ಸಲ ಹೋಗಿ ಬನ್ನಿ. ಅಲ್ಲೂ ಅದು ಓಡಲಿಲ್ಲ ಅಂದ್ರೆ ಪೆಟ್ಟಿಗೆ ಅಟ್ಟಕ್ಕೆ!” ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

ಓಡಿರಲಿಲ್ಲ ಎಂದಲ್ಲ. ಅಪ್ಪನ ದ್ವಿಚಕ್ರ ರಿಪೇರಿ ಅಂಗಡಿಯ ಮುಂದಿನ ಸಿಮೆಂಟು ನೆಲದ ಮೇಲೆ ಸೊಗಸಾಗಿಯೇ ಓಡಿತ್ತು.

ಕಾಗದದ ಚೂರಿನ ಗುಟ್ಟು

ಕಿಟ್ ಜೋಡಿಸುವುದು ಮಕ್ಕಳಾಟ ಎಂದುಕೊಂಡವರು ಒಮ್ಮೆ ಕೈಹಾಕಿ ನೋಡಬೇಕು. ಮೊದಲ ಪಾಠ ತಿರುಪಿನದು. ಜಪಾನಿನ ಕಿಟ್‌ಗಳಲ್ಲಿ ತಿರುಪಿನ ತಲೆಯ ಕೂಡುಗೆರೆ ನಮ್ಮ ಪೇಟೆಯ ಮಾಮೂಲು ಸ್ಕ್ರೂಡ್ರೈವರಿಗೆ ಸರಿಯಾಗಿ ಕೂರುವುದಿಲ್ಲ. ಜಾರಿ ಜಾರಿ ಗೆರೆಯೇ ಸವೆದುಹೋಗುತ್ತದೆ. ಜಪಾನಿ ಮೂಲದ ಬೈಕುಗಳನ್ನು ಬಿಚ್ಚಿ ಅಭ್ಯಾಸವಿದ್ದ ಅಪ್ಪನ ಬಳಿ ಅದಕ್ಕೆ ತಕ್ಕ ಸ್ಕ್ರೂಡ್ರೈವರ್ ಇತ್ತು. ಪ್ಲಾಸ್ಟಿಕ್ಕಿನಲ್ಲಿ ತಾನೇ ದಾರಿ ಕೊರೆದುಕೊಂಡು ಹೋಗುವ ತಿರುಪನ್ನು ಬಿಚ್ಚಿ ಮತ್ತೆ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಬೇಕು. ‘ಟಿಕ್’ ಎಂದು ಹಳೆಯ ದಾರಿಗೆ ಬಿದ್ದ ಮೇಲೆ ಬಿಗಿಯಬೇಕು. ಇಲ್ಲವಾದರೆ ಪ್ರತಿ ಸಲವೂ ಹೊಸ ದಾರಿ ಕೊರೆದು ತೂತು ಸಡಿಲವಾಗುತ್ತದೆ.

ಎರಡನೆಯದು ಹಲ್ಲುಚಕ್ರಗಳದು. ಮೋಟಾರಿನ ತುದಿಯ ಚಿಕ್ಕ ಪಿನಿಯನ್ನೂ ಅದು ತಿರುಗಿಸುವ ದೊಡ್ಡ ಚಕ್ರವೂ ತೀರ ಒತ್ತಿಕೊಂಡರೆ ಮೋಟಾರು ಬಿಸಿಯಾಗುತ್ತದೆ. ತೀರ ದೂರವಾದರೆ ಹಲ್ಲು ಮುರಿಯುತ್ತದೆ. ನಡುವೆ ಎಷ್ಟು ಸಂದು ಇರಬೇಕು? ನೋಟ್‌ಬುಕ್ಕಿನ ಒಂದು ಕಾಗದದ ಪಟ್ಟಿಯನ್ನು ಎರಡರ ಮಧ್ಯೆ ಇಟ್ಟು ಮೋಟಾರನ್ನು ಒತ್ತಿ ಬಿಗಿಮಾಡಿ. ಆಮೇಲೆ ಕಾಗದವನ್ನು ಎಳೆದುಬಿಡಿ. ಅಷ್ಟೇ ಸಂದು ಸಾಕು!

ಮೂರನೆಯದಾದ ಶಾಕ್ ಅಬ್ಸಾರ್ಬರಿಗೆ ಇಡೀ ಒಂದು ಸಂಜೆ ಹಿಡಿಯಿತು. ಪುಟ್ಟ ಕೊಳವೆಗೆ ಸಿಲಿಕೋನ್ ಎಣ್ಣೆ ತುಂಬಿ, ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಹೊರಬರುವವರೆಗೆ ಕಾಯಬೇಕು. ಒಂದು ಗುಳ್ಳೆ ಉಳಿದರೂ ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಎಡಗಡೆ ಒಂದು ಥರ, ಬಲಗಡೆ ಇನ್ನೊಂದು ಥರ ಆಗುತ್ತದೆ. ಸ್ಪ್ರಿಂಗ್ ಗಾಡಿಯನ್ನು ಎತ್ತಿಹಿಡಿದರೆ, ಎಣ್ಣೆ ಅದರ ಕುಣಿತವನ್ನು ನಿಲ್ಲಿಸುತ್ತದೆ. ಇವೆರಡು ಕೆಲಸಗಳನ್ನು ಒಂದೇ ಎಂದು ತಿಳಿಯುವವರೇ ಹೆಚ್ಚು.

ಇಷ್ಟು ಪುಟ್ಟ ಗಾಡಿಗೆ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆಗೆ ಲೋಲಕದ ಪಾಠದಲ್ಲಿ ಉತ್ತರವಿದೆ. ಲೋಲಕದ ಉದ್ದ ನಾಲ್ಕರಲ್ಲೊಂದಾದರೆ ಅದರ ಆವರ್ತ ಕಾಲ ಅರ್ಧವಾಗುತ್ತದೆ. ಉದ್ದ ಹತ್ತರಲ್ಲೊಂದಾದರೆ? ಹತ್ತರ ವರ್ಗಮೂಲ ಸುಮಾರು 3.16. ಗಾಡಿ ಚಿಕ್ಕದಾಯಿತೆಂದು ಭೂಮಿಯ ಗುರುತ್ವ ಚಿಕ್ಕದಾಗುವುದಿಲ್ಲವಲ್ಲ! ಹಾಗಾಗಿ ದೊಡ್ಡ ಗಾಡಿಯಲ್ಲಿ ಒಂದು ಸೆಕೆಂಡಿನಲ್ಲಿ ಆಗುವ ಕುಲುಕಾಟ ಇದರಲ್ಲಿ ಮೂರನೇ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಗಂಟೆಗೆ 24 ಕಿ.ಮೀ. ವೇಗದ ಪುಟಾಣಿ ಬಗ್ಗಿ ನೆಲದ ಉಬ್ಬುತಗ್ಗುಗಳಿಗೆ 76 ಕಿ.ಮೀ. ವೇಗದ ದೊಡ್ಡ ಗಾಡಿಯಂತೆ ಸ್ಪಂದಿಸುತ್ತದೆ.

ಕ್ಯಾಲಿಫೋರ್ನಿಯಾದ ದೋಣಿಕಾರ

ಬಗ್ಗಿಯ ಮೂಲ ಆಟಿಕೆಯಲ್ಲ, ಸಮುದ್ರತೀರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದೋಣಿ ಕಟ್ಟಿ ಪಳಗಿದ್ದ ಬ್ರೂಸ್ ಮೇಯರ್ಸ್ 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಭಾಗಗಳಿಗೆ ಫೈಬರ್‌ಗ್ಲಾಸಿನ ಹಗುರ ಮೈ ಜೋಡಿಸಿ ಮರಳದಿಬ್ಬಗಳ ಮೇಲೆ ಓಡಿಸಿದ. ಬೀಟಲ್‌ನ ಎಂಜಿನ್ ಹಿಂದುಗಡೆ ಇರುತ್ತದೆ. ಭಾರವೆಲ್ಲ ನೂಕುವ ಚಕ್ರಗಳ ಮೇಲೇ ಬೀಳುವುದರಿಂದ ಮರಳಲ್ಲಿ ಹಿಡಿತ ಸಿಗುತ್ತದೆ. 1967ರಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮೊದಲ ಮರುಭೂಮಿ ಓಟದಲ್ಲಿ ಆತನ ಮಾದರಿಯ ಬಗ್ಗಿಯೇ ಗೆದ್ದಿತು. ಜಪಾನಿನ ಶಿಜುವೋಕಾದ ತಮಿಯಾ ಕಂಪನಿ 1979ರಲ್ಲಿ ಇವುಗಳ ಹತ್ತನೇ ಒಂದು ಅಳತೆಯ ರೇಡಿಯೋ ನಿಯಂತ್ರಿತ ಕಿಟ್‌ಗಳನ್ನು ಹೊರತಂದಿತು. ಅಂಕೋಲೆಯ ಹುಡುಗನ ಬಗ್ಗಿಯಲ್ಲೂ ಮೋಟಾರು ಹಿಂದುಗಡೆಯೇ ಇದೆ.

ಅದೇ ಬಾಹಾ ಹೆಸರಿನಲ್ಲಿ ಅಮೆರಿಕದಲ್ಲಿ 1976ರಿಂದಲೂ ಭಾರತದಲ್ಲಿ 2007ರಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ, ಒಬ್ಬರು ಕುಳಿತು ಓಡಿಸುವ ಬಗ್ಗಿಗಳ ಸ್ಪರ್ಧೆ ನಡೆಯುತ್ತ ಬಂದಿದೆ. ಕಾಕತಾಳೀಯವೆಂದರೆ ಮಾಜಾಳಿಯಲ್ಲಿರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದೂ 2007ರಲ್ಲೇ. ಹೆದ್ದಾರಿಯಿಂದ ಬೀಚಿನ ಕಡೆ ತಿರುಗುವಾಗ ಹುಡುಗ ಅದರ ಫಲಕವನ್ನು ಎರಡು ಸಲ ಓದಿದ.

ನಾಲ್ಕು ಮೀಟರಿನ ಓಟ

ಮಾಜಾಳಿಯ ದಂಡೆಯಲ್ಲಿ ತೆಂಗಿನ ಸಾಲು ಮುಗಿದೊಡನೆ ಆಡಿನ ಗೊರಸಿನಾಕಾರದ ಎಲೆಯ ಅಡುಂಬು ಬಳ್ಳಿ, ಅದರ ನೇರಳೆ ಹೂವು. ಅಲ್ಲಿಂದ ಮುಂದೆ ಒಣ ಸಡಿಲ ಮರಳು, ಅದರ ಕೆಳಗೆ ಅಲೆ ತೋಯಿಸಿ ಹೋದ ಗಟ್ಟಿ ಮರಳು. ಬಗ್ಗಿಯನ್ನು ಒಣ ಮರಳಿನ ಮೇಲಿಟ್ಟು ಹುಡುಗ ಬೆರಳೊತ್ತಿದ. ಗಾಡಿ ನಾಲ್ಕು ಮೀಟರ್ ಹೋಗಿ, ಹಿಂದಿನ ಚಕ್ರಗಳಿಂದ ತನಗೆ ತಾನೇ ಗುಂಡಿ ತೋಡಿಕೊಂಡು ಕುಳಿತುಬಿಟ್ಟಿತು. ಮೋಟಾರಿನ ಮೇಲೆ ಬೆರಳಿಟ್ಟರೆ ಚುರ್ರೆನ್ನುವಷ್ಟು ಬಿಸಿ. ಹುಡುಗನ ಮುಖ ಸಣ್ಣದಾಯಿತು. ಅಟ್ಟ ಕಣ್ಮುಂದೆ ಬಂದಿರಬೇಕು.

ಅವಸರದಲ್ಲಿ ಪಿನಿಯನ್, ಸ್ಪ್ರಿಂಗ್, ಟಯರು ಎಲ್ಲವನ್ನೂ ಬದಲಿಸಹೊರಟ ಅವನನ್ನು ಅಪ್ಪ ತಡೆದರು. “ತಮಾ, ಒಂದೇ ಸಲಕ್ಕೆ ಎಲ್ಲ ಬದಲಿ ಮಾಡ್ಬೇಡ. ಯಾವ್ದರಿಂದ ಸರಿಯಾಯ್ತು ಅಂತ ಗೊತ್ತಾಗೂದೇ ಇಲ್ಲ. ಒಂದು ಬದಲಿ, ಮೂರು ಓಟ. ಬರ್ದಿಡು.” ಹೆಜ್ಜೆ ಹಾಕಿ ಇಪ್ಪತ್ತು ಮೀಟರ್ ಅಳೆದು ಎರಡು ಕಡೆ ತೆಂಗಿನ ಗರಿ ನೆಟ್ಟರು. ಪ್ರಯೋಗಶಾಲೆಯಲ್ಲಿ ಹೇಳಿಕೊಡುವ ಪದ್ಧತಿಯೂ ಇದೇ. ರಿಪೇರಿ ಅಂಗಡಿಗೆ ಅದು ಬೇರೆ ದಾರಿಯಿಂದ ಬಂದಿದೆ, ಅಷ್ಟೆ.

ಮೊದಲ ಬದಲಾವಣೆ ಪಿನಿಯನ್. ದೊಡ್ಡ ಚಕ್ರಕ್ಕೆ 80 ಹಲ್ಲು, ಪಿನಿಯನ್ನಿಗೆ 20: ನಾಲ್ಕಕ್ಕೆ ಒಂದು. ಗೇರ್‌ಪೆಟ್ಟಿಗೆಯೊಳಗೆ ಮತ್ತೆ ಎರಡೂವರೆ ಪಟ್ಟು. ಅಂದರೆ ಮೋಟಾರು ಹತ್ತು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 85 ಮಿ.ಮೀ. ವ್ಯಾಸದ ಚಕ್ರ ಸುತ್ತಿಗೆ 267 ಮಿ.ಮೀ. ಮುಂದೆ ಹೋಗುತ್ತದೆ. ಮೋಟಾರು ನಿಮಿಷಕ್ಕೆ 15,000 ಸುತ್ತು ತಿರುಗಿದರೆ ಗಾಡಿಯ ವೇಗ ಗಂಟೆಗೆ 24 ಕಿ.ಮೀ. ಪಿನಿಯನ್ನನ್ನು 16 ಹಲ್ಲಿನದಕ್ಕೆ ಇಳಿಸಿದರೆ ಹನ್ನೆರಡೂವರೆ ಸುತ್ತಿಗೆ ಒಂದು. ವೇಗ 19 ಕಿ.ಮೀ.ಗೆ ಇಳಿಯುತ್ತದೆ, ಆದರೆ ಚಕ್ರದ ತಿರುಚುವ ಬಲ ಕಾಲುಭಾಗ ಹೆಚ್ಚುತ್ತದೆ. ಹುಡುಗ ಲೆಕ್ಕವನ್ನು ಮರಳಿನ ಮೇಲೆ ಕಡ್ಡಿಯಿಂದ ಬರೆದು ಮಾಡಿದ. ಮೋಟಾರು ತಣ್ಣಗಿತ್ತು, ಗಾಡಿ ಮಾತ್ರ ಹನ್ನೆರಡು ಹೆಜ್ಜೆಗೆ ಮತ್ತೆ ಹೂತುಕೊಂಡಿತು.

ಎರಡನೆಯ ಬದಲಾವಣೆ ಎತ್ತರ. ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಮೇಲೆ ಪ್ಲಾಸ್ಟಿಕ್ ಬಳೆ ಸಿಕ್ಕಿಸಿದರು. “ಸ್ಪ್ರಿಂಗ್ ಗಟ್ಟಿ ಆಯ್ತಲ್ಲ ಅಪ್ಪಾ?” ಇಲ್ಲ, ಆಗಲಿಲ್ಲ. ಇದು ದೊಡ್ಡವರೂ ಮಾಡುವ ತಪ್ಪು. ಹುಕ್ಕನ ನಿಯಮದಂತೆ ಸ್ಪ್ರಿಂಗಿನ ಗಡಸುತನ ಅದರ ತಂತಿ, ಸುತ್ತುಗಳಿಗೆ ಸೇರಿದ್ದು. ಬಳೆ ಹಾಕಿದರೆ ಗಾಡಿ ಮೇಲೇಳುತ್ತದೆ, ಅಷ್ಟೇ. ಈಗ ಹೊಟ್ಟೆ ಮರಳಿಗೆ ತಾಗುವುದು ತಪ್ಪಿತು.

ಮೂರನೆಯದು ಅಂಗಡಿಯ ಜಾಣತನ. ಮರಳಿಗೆಂದೇ ದೋಣಿಯ ಹುಟ್ಟಿನಂಥ ರೆಕ್ಕೆಗಳಿರುವ ಟಯರುಗಳು ಸಿಗುತ್ತವೆ, ಆದರೆ ಅಂಕೋಲೆಯಲ್ಲಿ ಸಿಗುವುದಿಲ್ಲ. ಅಪ್ಪ ಹಳೆಯ ಟ್ಯೂಬಿನ ಪಟ್ಟಿಗಳನ್ನು ಮಡಚಿ, ಪಾಲಿಶ್ ಪೇಪರಿನಿಂದ ಉಜ್ಜಿ, ಪಂಕ್ಚರ್ ಸೊಲ್ಯೂಷನ್ನಿನಿಂದ ಅಂಟಿಸಿದ ಎರಡು ಹಿಂಚಕ್ರಗಳನ್ನು ಮನೆಯಿಂದಲೇ ತಂದಿದ್ದರು. ಅವನ್ನು ಹಾಕಿದ್ದೇ ತಡ, ಬಗ್ಗಿ ಹಿಂದೆ ಮರಳಿನ ಕಾರಂಜಿ ಎಬ್ಬಿಸುತ್ತ ಎರಡನೆಯ ಗರಿಯನ್ನು ದಾಟಿತು!

ಬಲೆಯ ಸಿಕ್ಕು ಬಿಡಿಸುತ್ತ ಕುಳಿತಿದ್ದ ಮೀನುಗಾರರೊಬ್ಬರು ಎದ್ದು ಬಂದದ್ದು ಆಗಲೇ. “ಚಲೋ ಓಡ್ತದೆ ತಮಾ. ಆದ್ರೆ ಈ ಮೇಲಿನ ಮರಳಲ್ಲಿ ಬೇಡ. ಕಾಸವ ಮೊಟ್ಟೆ ಇಡೂ ಜಾಗ ಇದು.” ಕಾಸವ ಎಂದರೆ ಕೊಂಕಣಿಯಲ್ಲಿ ಆಮೆ. ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಕಾರವಾರದ ದಂಡೆಗಳಿಗೆ ಬಂದು, ಭರತಿಯ ಗೆರೆಗಿಂತ ಮೇಲಿನ ಒಣ ಮರಳಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಹೋಗುತ್ತವೆ. ಅರಣ್ಯ ಇಲಾಖೆಯವರು ಗೂಡು ಕಂಡಲ್ಲಿ ಬೇಲಿ ಕಟ್ಟುತ್ತಾರೆ. ಕಾಣದ ಗೂಡಿಗೆ ಬೇಲಿ ಎಲ್ಲಿಂದ ಬರಬೇಕು? ತಂದೆ-ಮಗ ಮರುಮಾತಾಡದೆ ತೆಂಗಿನ ಗರಿಗಳನ್ನು ಕಿತ್ತು ನೀರಂಚಿಗೆ ನಡೆದರು. ಬೆಳಿಗ್ಗೆಯಿಂದ ಸರಿಮಾಡಿದ್ದೆಲ್ಲ ಒಣ ಮರಳಿಗಾಗಿ. ಇನ್ನು ಒದ್ದೆ ಮರಳಿಗೆ ಮೊದಲಿನಿಂದ.

ಒದ್ದೆ ಮರಳಿನ ಸ್ವಭಾವವೇ ವಿಚಿತ್ರ. ಅದರ ಮೇಲೆ ಕಾಲಿಟ್ಟರೆ ಪಾದದ ಸುತ್ತ ಕ್ಷಣಕಾಲ ಒಣಗಿದಂತೆ ಬೆಳ್ಳಗಾಗುತ್ತದೆ. ಒತ್ತಿದರೆ ನೀರು ಹೊರಗೆ ಬರಬೇಕಲ್ಲವೇ, ಒಳಗೇಕೆ ಹೋಯಿತು? ಒತ್ತೊತ್ತಾಗಿ ಕುಳಿತ ಕಣಗಳು ಅಲುಗಿದಾಗ ಒಂದರ ಮೇಲೊಂದು ಹತ್ತಿ ನಡುವಿನ ಸಂದು ಹಿಗ್ಗುತ್ತದೆ, ಮೇಲಿನ ನೀರು ಅಲ್ಲಿಗೆ ಇಳಿಯುತ್ತದೆ. 1885ರಲ್ಲಿ ಇದನ್ನು ವಿವರಿಸಿದವರು ಆಸ್ಬೋರ್ನ್ ರೆನಾಲ್ಡ್ಸ್. ಇಷ್ಟು ಗಟ್ಟಿ ನೆಲದಲ್ಲಿ ಬಗ್ಗಿ ವೇಗವಾಗಿ ಓಡಿತು, ಆದರೆ ತಿರುವಿನಲ್ಲಿ ಬಾಲ ಜಾರಿ ಬುಗುರಿಯಂತೆ ಸುತ್ತಿತು. ಮಾಮೂಲು ಟಯರು ಹಾಕಿದರು, ಬಳೆ ತೆಗೆದು ತಗ್ಗಿಸಿದರು, ಹಿಂದಿನ ಸ್ಪ್ರಿಂಗನ್ನು ಮೆತ್ತನೆಯದಕ್ಕೆ ಬದಲಿಸಿದರು. ಮುಂಚಕ್ರಗಳ ಮೂತಿಯನ್ನು ಕೂದಲೆಳೆಯಷ್ಟು ಒಳಮುಖ ಮಾಡಿದ ಮೇಲೆ ಅದು ಹೇಳಿದ ಮಾತು ಕೇಳಿತು.

ಎಳ್ಳಿನ ದಂಡೆ

ಮಧ್ಯಾಹ್ನ ಇಳಿತ ನೋಡಿಕೊಂಡು ಇಬ್ಬರೂ ಉತ್ತರದ ಗುಡ್ಡ ಹತ್ತಿ ತಿಳ್ಮಾತಿಗೆ ಇಳಿದರು. ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರೇ ಹೇಳುವಂತೆ ಎರಡು ಗುಡ್ಡಗಳ ನಡುವಿನ ಈ ಪುಟ್ಟ ದಂಡೆಯ ಮರಳು ಕರಿ ಎಳ್ಳು ಹರವಿದಂತೆ ಇದೆ. ಬೊಗಸೆಯಲ್ಲಿ ತುಂಬಿಕೊಂಡರೆ ಬೆರಳ ಸಂದಿಯಿಂದ ಸರಸರ ಜಾರಿಹೋಗುತ್ತದೆ. ಮಾಜಾಳಿಯ ಬಿಳಿ ಮರಳು ಇಲ್ಲಿಂದ ಕೂಗಳತೆಯಲ್ಲಿದೆ ಎಂದರೆ ನಂಬುವುದು ಕಷ್ಟ. ಇಲ್ಲಿಗೆ ಬರುವ ವಿದ್ಯಾರ್ಥಿಗಳು ಕಾಗದ ಸುತ್ತಿದ ಅಯಸ್ಕಾಂತವೊಂದನ್ನು ತರಬೇಕು. ಮರಳ ಮೇಲೆ ಆಡಿಸಿ, ಯಾವ ಕಣ ಅಂಟುತ್ತದೆ, ಯಾವುದು ಅಂಟುವುದಿಲ್ಲ ನೋಡಬೇಕು. ಅಂಟುವಂಥವು ಬಗ್ಗಿಗೆ ಶತ್ರು, ಏಕೆಂದರೆ ಮೋಟಾರಿನ ಒಳಗೂ ಅಯಸ್ಕಾಂತವಿದೆ. ಅಪ್ಪ ಗೇರ್ ಮುಚ್ಚಳದ ಸಂದುಗಳಿಗೆ ಟ್ಯೂಬಿನ ತುಂಡು, ಗ್ರೀಸು ಮೆತ್ತಿಯೇ ಕೆಳಗಿಟ್ಟರು.

ಉರುಟು ಕಣಗಳ ಮೇಲೆ ಬಗ್ಗಿ ಈಜಿದಂತೆ ಹೋಯಿತು. ಹುಡುಗ ಹುರುಪಿನಲ್ಲಿ ಬಂಡೆಯ ಮರೆಗೆ ತಿರುಗಿಸಿದ. 2.4 ಗಿಗಾಹರ್ಟ್ಸಿನ ತರಂಗದ ಉದ್ದ ಹನ್ನೆರಡೂವರೆ ಸೆಂ.ಮೀ. ಮಾತ್ರ, ಬಂಡೆ ಅಡ್ಡ ಬಂದರೆ ಅದು ಸುತ್ತಿ ಹೋಗುವುದು ಕಡಿಮೆ. ಗಾಡಿ ಕಣ್ಣಿಗೂ ಇಲ್ಲ, ಕೈಗೂ ಇಲ್ಲ. ಓಡಿ ಹೋಗಿ ನೋಡಿದರೆ ನೊರೆಯಿಂದ ಮೂರಡಿ ದೂರದಲ್ಲಿ ಸುಮ್ಮನೆ ನಿಂತಿದೆ. ಹಿಂದಿನ ರಾತ್ರಿ ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ಸಂಕೇತ ತಪ್ಪಿದರೆ ಮೋಟಾರು ನಿಲ್ಲುವಂತೆ ಹೊಂದಿಸಿ, ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷೆ ಮಾಡಿದ್ದರು. ಆ ಐದು ನಿಮಿಷದ ಕೆಲಸ ಮಾಡದೆ ಇದ್ದಿದ್ದರೆ ಮಾವನ ಉಡುಗೊರೆ ಅರಬ್ಬೀ ಸಮುದ್ರದ ಪಾಲಾಗುತ್ತಿತ್ತು. ಟ್ಯೂಬಿನ ರೆಕ್ಕೆಗಳಲ್ಲಿ ಎರಡು ಮಾತ್ರ ಕಿತ್ತುಹೋಗಿದ್ದವು.

ಸಂಜೆ ಮನೆಯಲ್ಲಿ ಅಮ್ಮ ಗಾಡಿಯನ್ನು ನೋಡಲಿಲ್ಲ, ನೋಟ್‌ಬುಕ್ ತೆಗೆದುಕೊಂಡರು. ಹನ್ನೊಂದು ಪುಟ. ಒಂದೊಂದು ಪುಟಕ್ಕೆ ಒಂದೊಂದು ಬದಲಾವಣೆ, ಮೂರು ಮೂರು ಓಟ, ಸರಾಸರಿ. “ಇಷ್ಟು ಚೆಂದ ಅಕ್ಷರ ಶಾಲೆಯ ಪುಸ್ತಕದಲ್ಲಿ ಯಾಕಿಲ್ಲ?” ಎಂದರು. ಅಟ್ಟದ ಮಾತು ಬರಲಿಲ್ಲ. ತಿಂಗಳಿಗೊಂದು ಭಾನುವಾರ ಎಂದು ತೀರ್ಮಾನವಾಯಿತು.

ಸಮುದ್ರದಿಂದ ಬಂದ ಗಾಡಿಯನ್ನು ಅಂದೇ ಸಿಹಿನೀರಲ್ಲಿ ತೊಳೆದು, ಒರೆಸಿ, ಬೇರಿಂಗುಗಳಿಗೆ ಎಣ್ಣೆ ಬಿಡಬೇಕು. ಕತ್ತಲಾಗಿದ್ದರಿಂದ ಮೂರು ಚಕ್ರಗಳಿಗೆ ಆದದ್ದು ನಾಲ್ಕನೆಯದಕ್ಕೆ ಮರೆತುಹೋಯಿತು. ಮುಂದಿನ ಭಾನುವಾರ ತಿರುಗಿಸಿ ನೋಡಿದರೆ ಮುಂದಿನ ಎಡಚಕ್ರ ಕರಕರ ಎನ್ನುತ್ತಿದೆ; ಬೇರಿಂಗಿನೊಳಗೆ ಕೆಂಪು ತುಕ್ಕು. ಹನ್ನೆರಡನೆಯ ಪುಟದಲ್ಲಿ ಅದನ್ನೂ ಬರೆದಿಟ್ಟಿದ್ದಾನೆ. ಹೊಸ ಬೇರಿಂಗ್ ಬರುವವರೆಗೆ ಬಗ್ಗಿ ಮೂರು ಚಕ್ರ, ಒಂದು ಮರದ ತುಂಡಿನ ಮೇಲೆ ಅಂಗಡಿಯ ಮೇಜಿನಡಿ ನಿಂತಿದೆ.