ಹೆಂಗಸರ ಕಡೆಯ ಬೆಂಚು

ನಮ್ಮ ಯಲ್ಲದಕೆರೆಯ ಕಡೆ ಸಿನಿಮಾಕ್ಕೆ ಹೋಗುವುದೆಂದರೆ ಬರಿಯ ಸಿನಿಮಾ ನೋಡುವುದಾಗಿರಲಿಲ್ಲ. ಶೇಂಗಾ ಮಾರಿದ ದುಡ್ಡು ಕೈಗೆ ಬಂದು, ಸುಗ್ಗಿ ಮುಗಿದು ಮೈ ಹಗುರಾದಾಗ ಅತ್ತೆ, ಸೊಸೆ, ಓರಗಿತ್ತಿ, ನಾದಿನಿ ಎಲ್ಲರೂ ಒಟ್ಟಾಗಿ ಮನೆ ಬಿಟ್ಟು ಹೊರಡುವುದಕ್ಕೆ ಅದೊಂದು ನೆಪ. ದೇವರು, ಮದುವೆ, ಸಾವು ಈ ಮೂರನ್ನು ಬಿಟ್ಟರೆ ಹೆಂಗಸರು ಗುಂಪಾಗಿ ಹೊಸ್ತಿಲು ದಾಟಲು ಗಂಡಸರು ತಕರಾರಿಲ್ಲದೆ ಒಪ್ಪುತ್ತಿದ್ದ ನಾಲ್ಕನೆಯ ಕಾರಣ ಸಿನಿಮಾ. ಟಾಕೀಸುಗಳು ಮುಚ್ಚುತ್ತಿವೆ, ನಿರ್ಮಾಪಕರಿಗೆ ನಷ್ಟವಾಗುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಹೆಂಗಸರ ನಷ್ಟ. ಅದನ್ನು ಯಾವ ಲೆಕ್ಕಪತ್ರದಲ್ಲೂ ಬರೆದಿರುವುದಿಲ್ಲ.

ನಾನು ಚಿಕ್ಕವಳಿದ್ದಾಗ ಹಳ್ಳಿಗಳಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಬೆಳೆ ಕೊಯ್ದ ಬಯಲಿನಲ್ಲಿ ಡೇರೆ. ಒಳಗೆ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಒಂದು ಪಕ್ಕ ಪೂರ್ತಿ ಹೆಂಗಸರಿಗೆ. ಮೈಕಿನಲ್ಲಿ ವೆಂಕಟರಮಣನ ಹಾಡು ಕೇಳಿತೆಂದರೆ ಒಲೆಯ ಮೇಲಿನ ಮುದ್ದೆ ಬೇಗ ಇಳಿಯುತ್ತಿತ್ತು. ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಆ ಐದು ನಿಮಿಷದಲ್ಲಿ ಸೊಸೆಯದು ಸರಿಯೋ ಅತ್ತೆಯದು ಸರಿಯೋ ಎಂದು ಹೆಂಗಸರ ಕಡೆ ದೊಡ್ಡ ಪಂಚಾಯಿತಿಯೇ ನಡೆಯುತ್ತಿತ್ತು. ತಮ್ಮ ಮನೆಯ ಮಾತನ್ನು ಪರದೆಯವರ ಹೆಸರಿನಲ್ಲಿ ಆಡಿಕೊಳ್ಳುವ ಅನುಕೂಲ ಅಲ್ಲಿತ್ತು.

ಆ ಕಾಲದ ನಿರ್ಮಾಪಕರಿಗೆ ಈ ಬೆಂಚಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು 1967ರಲ್ಲಿ, ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು 1969ರಲ್ಲಿ, ಮತ್ತೆ ತ್ರಿವೇಣಿಯವರ ‘ಶರಪಂಜರ’ವನ್ನು 1971ರಲ್ಲಿ ತೆರೆಗೆ ತಂದರು. ಹೆಂಗಸರು ಬರೆದ ಕಾದಂಬರಿ, ಹೆಂಗಸರೇ ತುಂಬಿದ ಮ್ಯಾಟಿನಿ. ಮರುವರ್ಷ ನಮ್ಮ ಜಿಲ್ಲೆಯ ತಳುಕಿನ ಮನೆತನದ ತ. ರಾ. ಸು. ಅವರ ಕಾದಂಬರಿಗಳಿಂದ ‘ನಾಗರಹಾವು’ ಬಂತು. ನಮ್ಮ ದುರ್ಗದ ಕಲ್ಲುಗಳನ್ನು, ಒನಕೆ ಹಿಡಿದ ಓಬವ್ವನನ್ನು ನಾಡೆಲ್ಲ ನೋಡಿತು. 2018ರಲ್ಲಿ ಅದೇ ಚಿತ್ರ ಹೊಸ ಧ್ವನಿ, ಹೊಸ ಬಣ್ಣದೊಂದಿಗೆ ಮತ್ತೆ ಟಾಕೀಸಿಗೆ ಬಂದಿತ್ತು.

ಆಗ ಒಂದು ಚಿತ್ರದ ಆಯುಸ್ಸು ದೊಡ್ಡದು. ಪ್ರಿಂಟಿನ ಖರ್ಚು ಹೆಚ್ಚಾದ್ದರಿಂದ ತೆಗೆಸುತ್ತಿದ್ದ ಪ್ರತಿಗಳೇ ಕೆಲವು. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಓಡಿ, ಜಿಲ್ಲಾ ಕೇಂದ್ರಕ್ಕೆ ಬಂದು, ಹಿರಿಯೂರಿನಂಥ ತಾಲ್ಲೂಕು ಊರು ಮುಟ್ಟಿ, ಕೊನೆಗೆ ಗೆರೆ ಗೀಚಿದ ರೀಲು ಟೆಂಟಿಗೆ ಬರುವಷ್ಟರಲ್ಲಿ ವರ್ಷ ಕಳೆದಿರುತ್ತಿತ್ತು. ಒಂದೊಂದು ಮೆಟ್ಟಿಲಲ್ಲೂ ಯಾರದೋ ಅನ್ನ ಹುಟ್ಟುತ್ತಿತ್ತು. ಈಗ ಡಿಜಿಟಲ್ ಬಂದು ಪ್ರಿಂಟಿನ ಖರ್ಚು ಹೋಯಿತು. ಒಂದೇ ಶುಕ್ರವಾರ ಎಲ್ಲ ಊರುಗಳಲ್ಲೂ ಬಿಡುಗಡೆ. ಸಂತೋಷವೇ. ಆದರೆ ಮೂರು ದಿನದಲ್ಲಿ ಜನ ಬಾರದಿದ್ದರೆ ಸೋಮವಾರ ಚಿತ್ರ ಇರುವುದಿಲ್ಲ. ‘ಚೆನ್ನಾಗಿದೆಯಂತೆ ಕಣ್ರೀ’ ಎಂಬ ಮಾತು ಒಬ್ಬರಿಂದ ಒಬ್ಬರಿಗೆ ಹಬ್ಬಿ, ಹೆಂಗಸರು ಮನೆಯಲ್ಲಿ ಒಪ್ಪಿಸಿ ಹೊರಡುವಷ್ಟರಲ್ಲಿ ಪೋಸ್ಟರು ಬದಲಾಗಿರುತ್ತದೆ. ಕೆಲವೇ ವಾರಗಳಲ್ಲಿ ಅದೇ ಚಿತ್ರ ಮಗನ ಫೋನಿನಲ್ಲಿ ಹಾಜರು. 2020ರಲ್ಲಿ ಕೊರೋನಾ ಬಂದು ಟಾಕೀಸುಗಳೆಲ್ಲ ಮುಚ್ಚಿದ್ದಾಗ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಟಾಕೀಸಿನ ಮುಖ ನೋಡದೆ ನೇರ ಫೋನಿಗೇ ಬಂದವು.

ಟಾಕೀಸಿನ ಮಾಲೀಕರದು ಇನ್ನೊಂದು ಲೆಕ್ಕ. ಸಾವಿರಕ್ಕೂ ಹೆಚ್ಚು ಆಸನಗಳಿದ್ದ ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು. ಅಷ್ಟು ದೊಡ್ಡ ಜಾಗದಲ್ಲಿ ಐವತ್ತು ಜನರಿಗೆ ದೀಪ, ಗಾಳಿ, ಆಳು ಒದಗಿಸಿ ಉಳಿಸುವುದೇನು? ನೆಲಕ್ಕೇ ಬೆಲೆ ಬಂದಮೇಲೆ ಟಾಕೀಸು ವಾಣಿಜ್ಯ ಸಂಕೀರ್ಣವಾಗುತ್ತದೆ, ತಾಲ್ಲೂಕು ಊರುಗಳಲ್ಲಿ ಕಲ್ಯಾಣ ಮಂಟಪವೋ ಗೋದಾಮೋ ಆಗುತ್ತದೆ. ಮಲ್ಟಿಪ್ಲೆಕ್ಸಿನವರು ಜಾಣರು. ಟಿಕೆಟ್ಟಿನ ಹಣವನ್ನು ಚಿತ್ರದವರೊಡನೆ ಹಂಚಿಕೊಳ್ಳಬೇಕು, ಪಾಪ್‌ಕಾರ್ನಿನ ಹಣವನ್ನು ಹಂಚಬೇಕಾಗಿಲ್ಲ. ಅದಕ್ಕೇ ಅಲ್ಲಿ ಹುರಿದ ಜೋಳಕ್ಕೆ ಬಂಗಾರದ ಬೆಲೆ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಮಿತಿಯ ದರವನ್ನೇ ಹಿಡಿದರೂ ನಾಲ್ವರ ಸಂಸಾರಕ್ಕೆ 800 ರೂಪಾಯಿ, ಅದರ ಮೇಲೆ ಶೇ. 18ರ ತೆರಿಗೆ 144. ಬಸ್ಸು, ತಿಂಡಿ ಬೇರೆ. ಮನೆ ತೂಗಿಸುವ ಯಾವ ಹೆಂಗಸು ಇದನ್ನು ಒಪ್ಪುತ್ತಾಳೆ ಹೇಳಿ? ಅದೇ ತಿಂಗಳು 100 ರೂಪಾಯಿಯವರೆಗಿನ ಟಿಕೆಟ್ಟಿನ ತೆರಿಗೆ ಶೇ. 5ಕ್ಕೆ ಇಳಿದದ್ದು ಸಣ್ಣ ಊರಿನ ಟಾಕೀಸುಗಳಿಗೆ ಸಿಕ್ಕ ಸಣ್ಣ ಆಸರೆ.

‘ಕೆಜಿಎಫ್’ನ ಎರಡನೆಯ ಭಾಗ 2022ರಲ್ಲಿ ಐದು ಭಾಷೆಗಳಲ್ಲಿ ಬಂದು ಸಾವಿರ ಕೋಟಿ ದಾಟಿತೆಂದು ವರದಿಯಾಯಿತು. ಅದೇ ವರ್ಷದ ‘ಕಾಂತಾರ’ಕ್ಕೆ ಅಜ್ಜಿಯರೂ ಹೊರಟರು. ಹೆಮ್ಮೆಪಡೋಣ. ಆದರೆ ವರ್ಷವೂ ತೆರೆಕಾಣುವ ಕನ್ನಡ ಚಿತ್ರಗಳಲ್ಲಿ ಹಾಕಿದ ಹಣ ಎತ್ತುವವು ಬೆರಳೆಣಿಕೆಯಷ್ಟು. ದೊಡ್ಡ ಮಳೆ ವರ್ಷಕ್ಕೊಮ್ಮೆ ಸುರಿದರೆ ಕೆರೆ ತುಂಬೀತು, ಬೆಳೆ ಬಾರದು. ಬಯಲುಸೀಮೆಯ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’, ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆಮೇಲೂ ಬಹುಕಾಲ ನಮ್ಮವರು ಮದರಾಸಿಗೆ ಅಲೆದರು. ಈಗ ಮೈಸೂರಿನಲ್ಲಿ 150 ಎಕರೆಯಲ್ಲಿ 500 ಕೋಟಿ ರೂಪಾಯಿಯ ಚಿತ್ರನಗರಿ ಎಂದು 2025ರ ಬಜೆಟ್ ಹೇಳಿತು. ಆಗಲಿ. ಚಿತ್ರ ತೆಗೆಯುವ ಜಾಗಕ್ಕೆ ಇಷ್ಟಾದರೆ, ನೋಡುವ ಜಾಗದ ಚಿಂತೆ ಯಾರದು?

‘ಫೋನಿನಲ್ಲೇ ಎಲ್ಲ ಸಿಗುತ್ತಲ್ಲ, ಇನ್ನು ಟಾಕೀಸು ಯಾಕೆ?’ ಎಂದು ನಾನೊಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಯನ್ನು ಕೇಳಿದೆ. ಆಕೆ ನಕ್ಕಳು. ‘ಟೀಚರಮ್ಮಾ, ಮನೆಯಾಗೆ ಫೋನ್ ಹಿಡ್ಕಂಡು ಕುಂತ್ರೆ ನೀರು ತಾ, ಚಾ ಕಾಸು ಅಂತಾರೆ. ಟಾಕೀಸಿನಾಗೆ ಕುಂತ್ರೆ ಮೂರು ತಾಸು ನನ್ನ ಯಾರೂ ಕರೆಯಂಗಿರಲಿಲ್ಲ’ ಎಂದಳು.

ಚಿತ್ರೋದ್ಯಮದ ಸಭೆಗಳಲ್ಲಿ ತೆರಿಗೆ, ಬಾಡಿಗೆ, ಶೇಕಡಾವಾರು ಪಾಲು ಎಲ್ಲವೂ ಚರ್ಚೆಗೆ ಬರುತ್ತವೆ. ಈ ಮೂರು ತಾಸಿನ ಮಾತು ಬರುವುದಿಲ್ಲ. ಸಾವಿರ ಆಸನದ ಟಾಕೀಸನ್ನು ಯಾರೂ ಮತ್ತೆ ಕಟ್ಟಲಾರರು, ಕಟ್ಟುವುದೂ ಬೇಡ. ತಾಲ್ಲೂಕು ಊರುಗಳಲ್ಲಿ ನೂರಿನ್ನೂರು ಆಸನದ ಸಣ್ಣ ಮಂದಿರಗಳು ಸಾಕು. ಟಿಕೆಟ್ಟು ನೂರು ರೂಪಾಯಿಯ ಒಳಗಿರಲಿ. ನೀರಿರುವ, ಒಳಗಿಂದ ಚಿಲಕ ಹಾಕಿಕೊಳ್ಳಬಹುದಾದ ಶೌಚಾಲಯ ಇರಲಿ. ಮಧ್ಯಾಹ್ನದ ಆಟ ಸಂಜೆಯ ಬಸ್ಸು ಸಿಗುವ ಹೊತ್ತಿಗೆ ಬಿಡಲಿ. ಒಳ್ಳೆಯ ಚಿತ್ರವನ್ನು ಎರಡು ವಾರವಾದರೂ ಉಳಿಸಿಕೊಳ್ಳಲಿ. ಇಷ್ಟು ಮಾಡಿದರೆ ಹೆಂಗಸರು ಬಂದೇ ಬರುತ್ತಾರೆ. ಬರುವಾಗ ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡೇ ಬರುತ್ತಾರೆ.